ಘಟ್ಟದ ತಲೆಬಾಗಿಲು ಕ್ಯಾಸಲ್‌ರಾಕ್

ಹುಬ್ಬಳ್ಳಿಯಿಂದ ಗೋವೆಗೆ ಹೊರಟ ರೈಲು ಲೋಂಡಾ, ತಿನೈಘಾಟ್ ದಾಟಿದ ಮೇಲೆ ದಟ್ಟ ಕಾಡಿನ ನಡುವೆ ಕ್ಯಾಸಲ್‌ರಾಕ್ ನಿಲ್ದಾಣಕ್ಕೆ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಈ ಊರಿನ ಹೆಸರೇ ಇಂಗ್ಲಿಷಿನದು. ಇಲ್ಲಿ ಇಳಿಯುವವರು, ಹತ್ತುವವರು ಕೆಲವೇ ಮಂದಿ. ಆದರೆ ಘಟ್ಟ ಇಳಿಯುವ ಗಾಡಿ ಇಲ್ಲಿ ನಿಂತು, ಬ್ರೇಕುಗಳನ್ನು ಪರೀಕ್ಷಿಸಿಕೊಂಡೇ ಮುಂದೆ ಸಾಗಬೇಕು. ಇಷ್ಟು ಸಣ್ಣ ಊರಿಗೆ ಇಂಥ ಮಹತ್ವ ಬಂದದ್ದು ಹೇಗೆಂಬುದನ್ನು ತಿಳಿಯಲು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಸಾಗಿಸಲು ಹತ್ತಿರದ ಬಂದರೊಂದು ಬೇಕೆಂಬುದು ಬ್ರಿಟಿಷ್ ವ್ಯಾಪಾರಿಗಳ ಹಳೆಯ ಬೇಡಿಕೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಎಲ್ಲರ ಕಣ್ಣು ಕಾರವಾರದ ಮೇಲಿತ್ತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಯೋಜನೆಗಳೂ ಸಿದ್ಧವಾದವು. ಆದರೆ 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಆದ ಒಪ್ಪಂದ ಆಟವನ್ನೇ ಬದಲಿಸಿತು. ಗೋವೆ ಮತ್ತು ಬ್ರಿಟಿಷ್ ಇಂಡಿಯಾದ ನಡುವಣ ಸುಂಕದ ಗೋಡೆ ಬಿತ್ತು. ಗೋವೆಯ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಸೇರಿತು. ಪ್ರತಿಯಾಗಿ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ, ಜೊತೆಗೆ ಮರ್ಮಗೋವಾದಲ್ಲಿ ಬಂದರು, ಅಲ್ಲಿಂದ ಘಟ್ಟದ ಮೇಲಕ್ಕೆ ರೈಲು. ಕಾರವಾರದ ಕನಸು ಹೀಗೆ ಹಿಂದೆ ಬಿತ್ತು.

ಗೋವೆಯೊಳಗಿನ ಸುಮಾರು 82 ಕಿಲೋಮೀಟರ್ ಹಾದಿಯನ್ನು ಲಂಡನ್ನಿನಲ್ಲಿ ಸ್ಥಾಪನೆಯಾದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ ಕಟ್ಟಿತು. ಗಡಿಯಿಂದ ಈಚೆಗಿನದು ಸದರ್ನ್ ಮರಾಠಾ ರೈಲ್ವೆಯ ಪಾಲು. 1887ರಲ್ಲಿ ಕರಾವಳಿಯ ಬಯಲಿನ ಭಾಗದಲ್ಲಿ ಗಾಡಿ ಓಡಿತು. 1888ರಲ್ಲಿ ಘಟ್ಟವನ್ನು ಏರಿ ಗಡಿ ಮುಟ್ಟಿತು. ಎರಡೂ ಹಾದಿಗಳು ಕೂಡಿದ ಜಾಗವೇ ಕ್ಯಾಸಲ್‌ರಾಕ್.

ಘಟ್ಟದ ಈ ತುಂಡಿಗೆ ಬ್ರಗಾಂಝಾ ಘಾಟ್ ಎಂದು ಹೆಸರು. ಕ್ಯಾಸಲ್‌ರಾಕ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೆಳಗಿನ ಕುಲೆಂ ನಿಲ್ದಾಣಕ್ಕೆ ಇರುವುದು 26 ಕಿಲೋಮೀಟರ್ ಮಾತ್ರ. ಈ ಅಂತರದಲ್ಲೇ ರೈಲು ಕರಂಜೋಲ್, ದೂಧಸಾಗರ, ಸೋನಾಲಿಂ ದಾಟಿ ಘಟ್ಟದ ಬುಡ ಸೇರಬೇಕು. ಕೆಲವೆಡೆ 37 ಅಡಿ ಸಾಗಿದರೆ 1 ಅಡಿ ಏರು. ರಸ್ತೆಗೆ ಇದೇನೂ ದೊಡ್ಡದಲ್ಲ. ಆದರೆ ನುಣುಪಾದ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಮಳೆಗಾಲದಲ್ಲಿ ಇನ್ನೂ ಕಡಿಮೆ. ಇಲ್ಲಿಯ ಮಳೆಯೋ, ಹಲವು ವರ್ಷ 5,000 ಮಿಲಿಮೀಟರ್ ಮೀರುತ್ತದೆ.

ಅದಕ್ಕಾಗಿಯೇ ಇಲ್ಲಿನ ಏರ್ಪಾಡುಗಳು ಬೇರೆ ನಿಲ್ದಾಣಗಳಂತಲ್ಲ. ಕುಲೆಂನಿಂದ ಮೇಲೇರುವ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಬ ಹೆಚ್ಚುವರಿ ಎಂಜಿನ್‌ಗಳು ಬೇಕು. ಮೇಲೆ ಬಂದ ಮೇಲೆ ಅವನ್ನು ಕಳಚಿ, ಇಳಿಯುವ ಗಾಡಿಗೆ ಜೋಡಿಸಬೇಕು. ಇಳಿಯುವಾಗ ಅವು ಗಾಡಿಯನ್ನು ಹಿಡಿದು ನಿಲ್ಲಿಸಲು ನೆರವಾಗುತ್ತವೆ. ಈ ಅದಲುಬದಲಿಗೆ ಹೆಚ್ಚಿನ ಹಳಿಗಳೂ, ಹಗಲಿರುಳು ಕಾಯುವ ಸಿಬ್ಬಂದಿಯೂ ಅಗತ್ಯ. ಉಗಿಯೆಂಜಿನ್ನಿನ ಕಾಲದಲ್ಲಿ ಇದರ ಮೇಲೆ ನೀರು, ಕಲ್ಲಿದ್ದಲಿನ ವ್ಯವಸ್ಥೆಯೂ ಸೇರುತ್ತಿತ್ತು. ಊರು ಬೆಳೆದದ್ದು ಈ ಕೆಲಸಗಾರರ ವಸತಿಯ ಸುತ್ತ.

ಇನ್ನೊಂದು ಕಾರಣ ಗಡಿ. 1892ರಲ್ಲಿ ಒಪ್ಪಂದ ಮುಗಿದು ಸುಂಕದ ಗೋಡೆ ಮತ್ತೆ ಎದ್ದಿತು. ಗೋವೆಯ ಕಡೆಯಿಂದ ಬಂದವರ ಗಂಟುಮೂಟೆ ಕ್ಯಾಸಲ್‌ರಾಕಿನಲ್ಲಿ ತಪಾಸಣೆಯಾಗುತ್ತಿತ್ತು, ಹೋಗುವವರದು ಕುಲೆಂನಲ್ಲಿ. ಗೋವಾ ವಿಮೋಚನೆಯ ಚರಿತ್ರೆಯಲ್ಲೂ ಈ ಹಾದಿಗೆ ಸ್ಥಾನವಿದೆ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಚಳವಳಿಗೆ ಕಿಡಿ ಹಚ್ಚಿದ್ದ ರಾಮಮನೋಹರ ಲೋಹಿಯಾ, ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಗೋವೆಗೆ ಬಂದಾಗ ಬಂಧಿತರಾದದ್ದು ಕುಲೆಂ ನಿಲ್ದಾಣದಲ್ಲಿ. 1955ರ ಆಗಸ್ಟ್ 15ರಂದು ಗೋವೆಯ ಗಡಿಗಳಲ್ಲಿ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಬಳಿಕ ಭಾರತ ಗಡಿಯನ್ನು ಮುಚ್ಚಿತು, ರೈಲೂ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಮೇಲೆ ಹಾದಿ ಭಾರತೀಯ ರೈಲ್ವೆಗೆ ಸೇರಿತು. ಗಡಿ ಹೋಯಿತು, ಅದನ್ನು ನೆಚ್ಚಿಕೊಂಡಿದ್ದ ಸುಂಕದ ಕಟ್ಟೆಯ ಕೆಲಸವೂ ಹೋಯಿತು. ಘಟ್ಟ ಮಾತ್ರ ಉಳಿಯಿತು.

1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆ ಇದರ ಒಡೆತನ ನೋಡಿಕೊಳ್ಳುತ್ತಿದೆ. ಹತ್ತಿಯ ಕಾಲ ಕಳೆದು, ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗೆ ಮರ್ಮಗೋವಾದಲ್ಲಿ ಇಳಿದ ಕಲ್ಲಿದ್ದಲು ಈ ಘಟ್ಟ ಏರಿ ಬರುತ್ತದೆ. ಒಂದು ಕಾಲಕ್ಕೆ ಘಟ್ಟದ ಮೇಲಿನ ಸರಕು ಕಡಲಿಗೆ ಇಳಿಯಲೆಂದು ಹಾಕಿದ ಹಾದಿಯಲ್ಲಿ ಈಗ ಕಡಲಾಚೆಯ ಸರಕು ಮೇಲೇರುತ್ತಿದೆ.

ವಿವಾದದ ಬೇರು ಇರುವುದೂ ಇಲ್ಲೇ. ಒಂಟಿ ಹಳಿ ಸಾಲದು, ಜೋಡಿ ಹಳಿ ಬೇಕೆಂದು ರೈಲ್ವೆ ಯೋಜನೆ ರೂಪಿಸಿತು. ಆದರೆ ಹಾದಿಯ ಇಕ್ಕೆಲದಲ್ಲಿರುವುದು ಸಹ್ಯಾದ್ರಿಯ ಕಾಡು, ಗೋವೆಯ ಭಗವಾನ್ ಮಹಾವೀರ ವನ್ಯಧಾಮ. ಪರಿಸರವಾದಿಗಳು ವಿರೋಧಿಸಿದರು. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ನೀಡಿದ್ದ ಒಪ್ಪಿಗೆಯನ್ನು 2022ರ ಮೇ 9ರಂದು ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಕಾಡಿನ ಮೇಲಿನ ಪರಿಣಾಮವನ್ನು ವಿವರವಾಗಿ ಅಧ್ಯಯನ ಮಾಡಿ ಹೊಸದಾಗಿ ಪ್ರಸ್ತಾವ ಸಲ್ಲಿಸಲು ರೈಲ್ವೆಗೆ ಅವಕಾಶವನ್ನೂ ಉಳಿಸಿತು.

ಇಲ್ಲಿ ಎರಡೂ ಕಡೆ ನ್ಯಾಯವಿದೆ. ಕಲ್ಲಿದ್ದಲು ನಿಂತರೆ ಕಾರ್ಖಾನೆ ನಿಲ್ಲುತ್ತದೆ. ಕಾಡು ಕಡಿದರೆ ಇಳಿಜಾರಿನ ಮಣ್ಣು ಸಡಿಲವಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಇರುವ ಒಂದು ಹಳಿಯೂ ಮುಚ್ಚಿಹೋಗುವ ಅಪಾಯವಿದೆ. ಅಂದರೆ ಕಾಡನ್ನು ಉಳಿಸುವುದು ಹುಲಿಗಷ್ಟೇ ಅಲ್ಲ, ರೈಲಿಗೂ ಹಿತ. 1888ರಲ್ಲಿ ಈ ಘಟ್ಟ ಸೀಳಿದವರಿಗೆ ಇಂಥ ಲೆಕ್ಕ ಒಪ್ಪಿಸುವ ಹೊಣೆ ಇರಲಿಲ್ಲ. ಎರಡನೆಯ ಹಳಿ ಕೇಳುವವರಿಗೆ ಅದಿದೆ.