ನಳಿಗೆಯ ದಪ್ಪವಲ್ಲ, ಲೋಹದ ಬಲ

ಕೋವಿಯ ಸುರಕ್ಷತೆಯ ಮಾತು ಬಂದಾಗಲೆಲ್ಲ ನಾವು ಪರವಾನಗಿಯ ಬಗೆಗೆ, ಹಿಡಿದವನ ಎಚ್ಚರದ ಬಗೆಗೆ ಚರ್ಚಿಸುತ್ತೇವೆ. ಅವನ ಮುಖದ ಮುಂದೆಯೇ ಸಿಡಿಯುವ ಮದ್ದನ್ನು ತಡೆದು ನಿಲ್ಲಿಸುವ ಲೋಹವನ್ನು ಮರೆಯುತ್ತೇವೆ. ‘ಹಳೆಯ ಕಾಲದ ಗಟ್ಟಿ ನಳಿಗೆ, ಏನೂ ಆಗದು’ ಎಂಬ ಭರವಸೆಯ ಮಾತನ್ನು ನಾನು ಹಲವರಿಂದ ಕೇಳಿದ್ದೇನೆ. ಅದಕ್ಕೆ ಇತಿಹಾಸದ ಬೆಂಬಲವಿಲ್ಲ.

1844ರ ಫೆಬ್ರುವರಿ 28ರಂದು ಅಮೆರಿಕದ ‘ಪ್ರಿನ್ಸ್‌ಟನ್’ ಯುದ್ಧನೌಕೆ ಅಧ್ಯಕ್ಷ ಜಾನ್ ಟೈಲರ್ ಹಾಗೂ ಗಣ್ಯರನ್ನು ಹೊತ್ತು ಪೊಟೋಮ್ಯಾಕ್ ನದಿಯಲ್ಲಿ ಸಾಗಿತ್ತು. ಅದರಲ್ಲಿ ಎರಡು ಭಾರಿ ಫಿರಂಗಿಗಳಿದ್ದವು. ಇಂಗ್ಲೆಂಡಿನಲ್ಲಿ ತಯಾರಾದ ಒಂದು ಪರೀಕ್ಷೆಯಲ್ಲಿ ಬಿರುಕುಬಿಟ್ಟಾಗ ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿಯಲಾಗಿತ್ತು. ಇನ್ನೊಂದು, ‘ಪೀಸ್‌ಮೇಕರ್’, ಅದಕ್ಕಿಂತ ದಪ್ಪ. ಅಮೆರಿಕದಲ್ಲೇ ತಯಾರಾಗಿ, ಕೆಲವೇ ಸಲ ಹಾರಿಸಿ ಒಪ್ಪಿಕೊಂಡದ್ದು. ಅಂದು ಸಿಡಿದು ಚೂರಾದದ್ದು ಈ ದಪ್ಪನೆಯದೇ. ವಿದೇಶಾಂಗ ಹಾಗೂ ನೌಕಾಖಾತೆಯ ಮಂತ್ರಿಗಳೂ ಸೇರಿ ಆರು ಜನ ಸತ್ತರು. ದೀರ್ಘಕಾಲದ ಕಾವಿನಿಂದ ಕಬ್ಬಿಣದ ಬಲ ಕುಂದಿತ್ತು, ಒಳಗಿನ ಬೆಸುಗೆ ಕೂಡಿರಲಿಲ್ಲ ಎಂಬುದನ್ನು ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನ ತಜ್ಞರು ಬಳಿಕ ಕಂಡುಕೊಂಡರು.

ದಪ್ಪ ಏಕೆ ಕಾಪಾಡಲಿಲ್ಲ? ಮದ್ದು ಉರಿದು ಹುಟ್ಟಿದ ಅನಿಲ ನಳಿಗೆಯನ್ನು ಹಿಗ್ಗಿಸಲೆಳಸುತ್ತದೆ. ಆ ಸೆಳೆತ ಒಳಮೈಯಲ್ಲಿ ಅತಿ ಹೆಚ್ಚು, ಹೊರಕ್ಕೆ ಹೋದಂತೆ ಕಡಿಮೆ. ಹೊರಗೆ ಎಷ್ಟೇ ಲೋಹ ಸೇರಿಸಿದರೂ ಒಳಮೈಯ ಸೆಳೆತ ಅನಿಲದ ಒತ್ತಡಕ್ಕಿಂತ ಕೆಳಗಿಳಿಯದು. ಲೋಹದ ತಾಳಿಕೆಯೇ ಕಡಿಮೆಯಿದ್ದರೆ ದಪ್ಪ ಬರಿಯ ಭಾರ. ಈ ದುರಂತದ ನಂತರ ಥಾಮಸ್ ರಾಡ್‌ಮನ್ ಎಂಬ ಸೇನಾಧಿಕಾರಿ ಫಿರಂಗಿಯನ್ನು ಟೊಳ್ಳಾಗಿ ಎರಕ ಹೊಯ್ದು ಒಳಗಿನಿಂದ ತಣಿಸುವ ವಿಧಾನವನ್ನು ರೂಪಿಸಿದ. ತಡವಾಗಿ ತಣಿದು ಕುಗ್ಗುವ ಹೊರಪದರ ಒಳಪದರವನ್ನು ಬಿಗಿದು ಹಿಡಿಯುತ್ತಿತ್ತು.

ಇದು ಫಿರಂಗಿಗಳ ಹಳೆಯ ಕಥೆಯಷ್ಟೇ ಅಲ್ಲ. ಕೊಡಗಿನಲ್ಲಿ ಕೋವಿ ಮನೆತನದ ಆಸ್ತಿ. ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಆ ಹಕ್ಕಿನ ಬಗೆಗೆ ನನ್ನ ತಕರಾರಿಲ್ಲ. ಆದರೆ ಕಾನೂನು ವಿನಾಯಿತಿ ಕೊಡಬಹುದು, ಲೋಹ ಕೊಡದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ನಳಿಗೆಗಳು ಕರಿಮದ್ದಿನ ಕಾಲದವು. ಕರಿಮದ್ದಿನ ಮಸಿ ತೇವ ಹೀರಿ ಒಳಗೆ ತುಕ್ಕಿನ ಗುಳಿ ಕೊರೆಯುತ್ತದೆ. ಮಳೆನಾಡಿನಲ್ಲಿ ಇದು ಇನ್ನೂ ಬೇಗ. ಅಂಥ ನಳಿಗೆಗೆ ಇಂದಿನ ಹೊಗೆರಹಿತ ಮದ್ದಿನ ತೋಟಾ ತುಂಬುವುದು ಜೀವವನ್ನೇ ಪಣಕ್ಕಿಟ್ಟಂತೆ.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದಲೂ ನಳಿಗೆಗಳನ್ನು ಪರೀಕ್ಷಿಸುವ ಸಂಸ್ಥೆಯಿದೆ. ಬಳಕೆಯ ಪ್ರಮಾಣಕ್ಕಿಂತ ಹೆಚ್ಚಿನ ಮದ್ದನ್ನು ಸಿಡಿಸಿ, ತಾಳಿಕೊಂಡದ್ದಕ್ಕಷ್ಟೇ ಮುದ್ರೆಯೊತ್ತುವುದು ಅದರ ಪದ್ಧತಿ. ಹೊಸ ನಳಿಗೆಗೆ ಒಮ್ಮೆ ಬಿದ್ದ ಮುದ್ರೆಯೂ ಮುಂದಿನ ತುಕ್ಕಿಗೆ ಉತ್ತರವಲ್ಲ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸುವ ರೂಢಿ ನಮ್ಮಲ್ಲಿದೆ. ಸಂಖ್ಯೆ ಬರೆದುಕೊಂಡು ಮೂಲೆಗಿಡುವ ಬದಲು, ಬಲ್ಲವರಿಂದ ನಳಿಗೆಯ ಒಳಮೈಯನ್ನು ತಪಾಸಣೆ ಮಾಡಿಸಿ, ಅನುಮಾನ ಬಂದದ್ದನ್ನು ಪರೀಕ್ಷೆಗೆ ಕಳಿಸಬಾರದೇಕೆ? ತಾಳದ ಕೋವಿ ಪೂಜೆಯ ಮಣೆಯ ಮೇಲಿರಲಿ, ಹೆಗಲಿಗೇರುವುದು ಬೇಡ.