ಹೆಸರು ದೇವಸ್ಥಾನದ್ದು, ಖಾತೆ ಯಾರದು? ಸೊಲ್ಲಾಪುರ–ಅಕ್ಕಲಕೋಟ ಭಾಗದಲ್ಲಿ ದೇಣಿಗೆ ವಂಚನೆಯನ್ನು ಗುರುತಿಸುವ ಬಗೆ

ಧರ್ಮಾದಾಯ ಸಂಸ್ಥೆಗಳ ಹೆಸರಿನಲ್ಲಿ ನಡೆಯುವ ವಂಚನೆಯ ಬಗ್ಗೆ ಮಾತು ಬಂದಾಗ ‘ಗೊತ್ತಿಲ್ಲದವರಿಗೆ ಹಣ ಕೊಡಬೇಡಿ’ ಅಂತ ಹೇಳಿ ಮುಗಿಸ್ತೇವೆ. ನಮ್ಮ ಗಡಿಭಾಗದಲ್ಲಿ ಈ ಸಲಹೆ ಸಾಲದು.

ಸೊಲ್ಲಾಪುರದಿಂದ ಕಲಬುರಗಿ ಕಡೆ ಹೊರಟರೆ ಅಕ್ಕಲಕೋಟ ರೋಡ್ ನಿಲ್ದಾಣ, ಮುಂದೆ ಗಾಣಗಾಪುರ ರೋಡ್. ಎರಡೂ ಕ್ಷೇತ್ರಗಳನ್ನು ಒಂದೇ ಯಾತ್ರೆಯಲ್ಲಿ ಮುಗಿಸುವ ದತ್ತ ಭಕ್ತರು ಬಹಳ. 2022ರ ಜೂನ್‌ನಲ್ಲಿ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳನ್ನು ನಡೆಸಲಾಗುತ್ತಿದೆ ಎಂಬ ದೂರು ಹೊರಬಂತು. ಸುಮಾರು 20 ಕೋಟಿ ರೂಪಾಯಿ ಎಂದು ಆಗ ಪತ್ರಿಕೆಗಳು ಬರೆದವು. ಆರೋಪ ಬಂದದ್ದು ದೂರದ ಯಾರೋ ಸೈಬರ್ ಕಳ್ಳರ ಮೇಲಲ್ಲ, ಅಲ್ಲಿನ ಕೆಲವು ಅರ್ಚಕರ ಮೇಲೆ. ದೇವಸ್ಥಾನ ಮುಜರಾಯಿ ಇಲಾಖೆಗೆ ಸೇರಿದ್ದು, ಸೇವೆಯ ಹಣ ಮಾತ್ರ ಖಾಸಗಿ ಖಾತೆಗೆ ಹೋಗಿದೆ ಎಂಬುದು ದೂರಿನ ತಿರುಳು. ಭಕ್ತನ ಕಡೆಯಿಂದ ನೋಡ್ರಿ: ಕ್ಷೇತ್ರ ನಿಜ, ಅರ್ಚಕರೂ ನಿಜ. ಅನುಮಾನ ಬರೋದಾದರೂ ಹೆಂಗ?

ಆದ್ದರಿಂದ ಕೇಳುವವರು ಯಾರು ಅನ್ನುವುದಕ್ಕಿಂತ ಹಣ ಎಲ್ಲಿ ಇಳಿಯುತ್ತದೆ ಅನ್ನುವುದೇ ಮುಖ್ಯ ಎಂಬುದು ನನ್ನ ವಾದ. ಅಕ್ಕಲಕೋಟದಲ್ಲಿ ವಟವೃಕ್ಷ ಸ್ವಾಮಿ ಮಹಾರಾಜ ದೇವಸ್ಥಾನ ಬೇರೆ, 1988ರಲ್ಲಿ ಶುರುವಾದ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ಬೇರೆ. ಹೊರಗಿನವರಿಗೆ ಎರಡೂ ‘ಸ್ವಾಮಿ ಸಮರ್ಥರದು’ ಅಷ್ಟೇ. ಹೆಸರಿನಲ್ಲಿ ಒಂದು ಪದ ಆಚೀಚೆಯಾದರೆ ಯಾರೂ ಗಮನಿಸುವುದಿಲ್ಲ, ವಂಚಕನಿಗೆ ಬೇಕಾದದ್ದೂ ಅದೇ. ಮಹಾರಾಷ್ಟ್ರದ ಟ್ರಸ್ಟ್‌ಗಳಿಗೆ 1950ರ ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಸೊಲ್ಲಾಪುರದ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬಹುದು.

ಇದಕ್ಕಿಂತ ಸುಲಭದ ಪರೀಕ್ಷೆ ಮೊಬೈಲ್‌ನಲ್ಲೇ ಇದೆ. 2025ರ ಜೂನ್ 30ರಿಂದ ಯುಪಿಐ ಆ್ಯಪ್‌ಗಳು ಹಣ ಪಡೆಯುವವರ ಹೆಸರನ್ನು ಬ್ಯಾಂಕಿನ ದಾಖಲೆಯಲ್ಲಿ ಇರುವಂತೆಯೇ ತೋರಿಸಬೇಕು ಎಂದು ಎನ್‌ಪಿಸಿಐ ಸೂಚಿಸಿದೆ. ಕ್ಯೂಆರ್ ಕೋಡ್ ಮೇಲೆ ಸ್ವಾಮಿಗಳ ಫೋಟೊ ಇದ್ದು, ಸ್ಕ್ಯಾನ್ ಮಾಡಿದಾಗ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೆ ನಿಲ್ಲಿಸಿಬಿಡ್ರಿ. ‘ಟ್ರಸ್ಟಿನ ಖಾತೆಗೆ ಲಿಮಿಟ್ ಮುಗಿದಿದೆ, ಇದು ಮ್ಯಾನೇಜರ್ ನಂಬರು’ ಅಂತ ಕಾರಣ ಹೇಳ್ತಾರೆ. ಒಪ್ಪಬಾರದು.

80ಜಿ ರಸೀದಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 10ಬಿಇ ಪ್ರಮಾಣಪತ್ರ ಆದಾಯ ತೆರಿಗೆ ಪೋರ್ಟಲ್‌ನಿಂದ ಬರುತ್ತದೆ, ನಂಬಬಹುದು. ಆದರೆ ಅದು ಕೈಸೇರುವುದು ಆರ್ಥಿಕ ವರ್ಷ ಮುಗಿದ ಮೇಲೆ. ಭಕ್ತನಿವಾಸದ ಕೋಣೆಗೆ ಮುಂಗಡ ಕೇಳುವುದೂ ಇದೇ ಜಾತಿಯದು. ಯಾತ್ರಿಗಳ ಬುಕಿಂಗ್ ವಂಚನೆಯ ಬಗ್ಗೆ ಕೇಂದ್ರ ಗೃಹ ಸಚಿವಾಲಯ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು. ಗೂಗಲ್‌ನಲ್ಲಿ ಮೊದಲು ಕಾಣುವುದು ಕಾಸು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು.

ಚಾಟ್‌ನಲ್ಲಿ ಒಂದು ಪ್ರಶ್ನೆ ಇದೆ: ‘ಹಳ್ಳಿಯ ಅಜ್ಜ-ಅಜ್ಜಿ ಮೊಮ್ಮಕ್ಕಳ ಕೈಲಿ ಹಣ ಕಳಿಸ್ತಾರಲ್ಲ, ಸರ್?’ ಹಾಗಿದ್ದರೆ ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರನ್ನು ಮೊಮ್ಮಗ ಗಟ್ಟಿಯಾಗಿ ಓದಲಿ. ಹಣ ಹೋಗಿಯೇಬಿಟ್ಟಿದ್ದರೆ ಮರುದಿನಕ್ಕೆ ಕಾಯದೆ 1930ಕ್ಕೆ ಫೋನ್ ಮಾಡಿ ವಹಿವಾಟಿನ ಸಂಖ್ಯೆ ಕೊಡಬೇಕು. ಅದು ರಾಷ್ಟ್ರೀಯ ಸಹಾಯವಾಣಿ. ನೀವು ಅಕ್ಕಲಕೋಟದಲ್ಲಿದ್ದೀರೋ ಅಫಜಲಪುರದಲ್ಲಿದ್ದೀರೋ, ನಂಬರು ಒಂದೇ.