ನಿಮಗಿದು ಗೊತ್ತೆ? ಇಲ್ಲಿ ತೊಟ್ಟಿಲೇ ಹರಕೆ!

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯಕ್ಕೆ ಹರಕೆಯಾಗಿ ಬರುವುದು ಪುಟ್ಟ ಪುಟ್ಟ ತೊಟ್ಟಿಲುಗಳು! ಇಲ್ಲಿನ ಅಂಬೆಗಾಲು ಕೃಷ್ಣ ಕೈಯಲ್ಲಿ ಬೆಣ್ಣೆಯುಂಡೆ ಹಿಡಿದ ಮಗು. ಸಂತಾನ ಬೇಡುವವರು ಅವನಿಗೆ ಬೆಣ್ಣೆ ಸಮರ್ಪಿಸುತ್ತಾರೆ. ಮಡಿಲು ತುಂಬಿದ ಮೇಲೆ ಕೂಸಿನ ಸಮೇತ ಬಂದು ತೊಟ್ಟಿಲು ಒಪ್ಪಿಸುತ್ತಾರೆ. ಅಷ್ಟರಲ್ಲಿ ಹೊಸ ಅಮ್ಮನ ಕಣ್ಣಲ್ಲಿ ರಾತ್ರಿಗಳ ನಿದ್ದೆ ಬಾಕಿ, ಕೂಸಿನ ಮುಷ್ಟಿಯಲ್ಲಿ ಅವಳ ಜಡೆ! ಮಗನನ್ನು ಆಡಿಸುವ ಯಶೋದೆಯ ಕುರಿತಾದ ‘ಜಗದೋದ್ಧಾರನ’ ಕೀರ್ತನೆಯನ್ನು ಪುರಂದರದಾಸರು ಹಾಡಿದ್ದು ಈ ಕೃಷ್ಣನ ಎದುರಿಗೇ ಎಂಬ ಪ್ರತೀತಿಯಿದೆ. ದರ್ಶನದ ಸಾಲಿನಲ್ಲಿ ಕೂಸು ರಚ್ಚೆ ಹಿಡಿದರೆ ಗಿಲಕಿಗೆ ದೂರ ಹೋಗಬೇಕಿಲ್ಲ. ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಚನ್ನಪಟ್ಟಣ ಪಕ್ಕದಲ್ಲೇ ಇದೆ.